ಅಜ್ಞಾತಯಕ್ಷ್ಮ

ಋಗ್ವೇದದ ಹತ್ತನೆಯ ಮಂಡಲವು ಮುಗಿಯುತ್ತ ಬರುವಲ್ಲಿ, ರೋಗಿಯೊಬ್ಬನ ಆಯುಸ್ಸಿಗಾಗಿ ಹವಿಸ್ಸನ್ನು ಅರ್ಪಿಸುವ ಸೂಕ್ತವೊಂದುಂಟು. ಅದರ ಮೊದಲ ಮಂತ್ರದಲ್ಲಿಯೇ ಎರಡು ಯಕ್ಷ್ಮಗಳ ಹೆಸರು ಒಟ್ಟಿಗೆ ಬರುತ್ತವೆ, ಒಂದು ರಾಜಯಕ್ಷ್ಮ, ಇನ್ನೊಂದು ಅಜ್ಞಾತಯಕ್ಷ್ಮ. ರಾಜಯಕ್ಷ್ಮವನ್ನು ನಮ್ಮ ವೈದ್ಯಗ್ರಂಥಗಳು ಕ್ಷಯವೆಂದು ವಿವರಿಸಿ, ನಕ್ಷತ್ರಗಳ ರಾಜನಾದ ಚಂದ್ರನನ್ನು ಮೊದಲು ಹಿಡಿದದ್ದರಿಂದ ಅದಕ್ಕೆ ಆ ಹೆಸರಾಯಿತೆಂದು ಕಥೆಯನ್ನೂ ಹೇಳುತ್ತವೆ. ಅಜ್ಞಾತಯಕ್ಷ್ಮಕ್ಕೆ ಕಥೆಯಿಲ್ಲ, ತಿಳಿಯದ್ದಕ್ಕೆ ಕಥೆ ಕಟ್ಟುವುದಾದರೂ ಹೇಗೆ? ವೇದಕಾಲದ ಯಕ್ಷ್ಮಶಬ್ದವು ನಾವು ಈಗ ಟಿಬಿ ಎನ್ನುವ ರೋಗವನ್ನೇ ಹೇಳುತ್ತದೆಂದು ಹಟ ಹಿಡಿಯುವುದು ವಿವೇಕವಲ್ಲ; ಮೈ ಕರಗಿಸುವ ಯಾವ ಬೇನೆಗಾದರೂ ಆ ಮಾತು ಸಲ್ಲುತ್ತಿದ್ದಿರಬಹುದು. ಆದರೆ ಹೆಸರು ಹಿಡಿದು ಕರೆಯಬಹುದಾದ ರೋಗದ ಮಗ್ಗುಲಲ್ಲಿ ಹೆಸರಿಲ್ಲದ ರೋಗವನ್ನೂ ನಿಲ್ಲಿಸಿ, ಎರಡರಿಂದಲೂ ನಿನ್ನನ್ನು ಬಿಡಿಸುವೆನೆಂದು ಭರವಸೆ ಕೊಡುವ ಆ ಋಷಿಯ ಎಚ್ಚರ ನನ್ನನ್ನು ಬಹುಕಾಲದಿಂದ ಕಾಡಿದೆ. ತಿಳಿಯದಿರುವ ರೋಗವನ್ನು ತಿಳಿಯುವಂತೆ ಮಾಡುವುದು ದಯೆಯೆ, ಅಥವಾ ನೆಮ್ಮದಿಯಾಗಿ ಮಲಗಿದ್ದವನನ್ನು ಎಬ್ಬಿಸಿ ಮನೆಗೆ ಕಿಚ್ಚು ಬಿದ್ದಿದೆಯೆಂದು ಹೇಳಿ ಹೊರಟುಹೋಗುವ ಕ್ರೌರ್ಯವೆ? ತಿಳಿಯದಿದ್ದವನು ನಿರ್ದೋಷಿಯೆ? ತಿಳಿಸಬೇಕಾದವನು ಯಾರು, ತಿಳಿಸಿದ ಬಳಿಕ ಅವನಿಗೆ ಬರುವ ಹೊಣೆ ಏನು?

ಈ ಪ್ರಶ್ನೆಗಳು ನನಗೆ ಗ್ರಂಥದಿಂದ ಬಂದವಲ್ಲ, ಒಂದು ಹಿತ್ತಾಳೆಯ ಲೋಟದಿಂದ ಬಂದವು. ನಾನು ಏಳೆಂಟು ವರ್ಷದವನಾಗಿದ್ದಾಗ ನಮ್ಮ ದೊಡ್ಡತ್ತೆ ಗಂಡನನ್ನು ಕಳೆದುಕೊಂಡು ತವರಿಗೆ ಬಂದು ಹಿತ್ತಿಲ ಕಡೆಯ ಕೋಣೆಯಲ್ಲಿದ್ದರು. ಅವರ ಲೋಟದ ಕಂಠಕ್ಕೆ ಕೆಂಪು ನೂಲೊಂದನ್ನು ಸುತ್ತಿತ್ತು. ಆ ನೂಲಿರುವ ಲೋಟದಲ್ಲಿ ನೀರು ಕುಡಿಯಬಾರದೆಂದು ಅಜ್ಜಿ ನಮಗೆ ಹೇಳಿದ್ದರೇ ಹೊರತು ಏಕೆಂದು ಹೇಳಿರಲಿಲ್ಲ. ಸಾಯಂಕಾಲವಾದರೆ ಅತ್ತೆಗೆ ಮೈ ಬೆಚ್ಚಗಾಗುವುದು, ರಾತ್ರಿ ಬೆವರುವುದು, ಬೆಳಗಿನ ಝಾವ ಗೋಡೆಯಾಚೆಯಿಂದ ಕೆಮ್ಮು ಕೇಳುವುದು. ತಿಂಗಳಿಗೊಮ್ಮೆ ಅವರು ಜಗಲಿಯ ಬೆಳಕಿನಲ್ಲಿ ಕುಳಿತು ತಮ್ಮ ರವಿಕೆಯ ಹೊಲಿಗೆ ಬಿಚ್ಚಿ ಒಂದೊಂದು ಬೆರಳಿನಷ್ಟು ಒಳಕ್ಕೆ ಹಿಡಿದು ಮತ್ತೆ ಹೊಲಿಯುತ್ತಿದ್ದುದು ಈಗಲೂ ಕಣ್ಣಿಗೆ ಕಟ್ಟಿದಂತಿದೆ. ಯಾರಾದರೂ ಕೇಳಿದರೆ “ಅವಳದು ಉಷ್ಣದ ಮೈ” ಎಂದು ಅಜ್ಜಿಯ ಉತ್ತರ. ಉಷ್ಣವೆಂಬ ಮಾತು ನಮ್ಮ ಮನೆಗಳಲ್ಲಿ ಎಷ್ಟು ರೋಗಗಳಿಗೆ ಹೊದಿಕೆಯಾಗಿದೆಯೋ! ಚಿಕ್ಕತ್ತೆಯ ಜಾತಕ ಆಗ ಎರಡು ಮೂರು ಮನೆಗಳಿಗೆ ಹೋಗಿತ್ತು. ಡಾಕ್ಟರರು ಮನೆಗೆ ಬಂದುಹೋದದ್ದನ್ನು ಬೀದಿಯವರು ಕಂಡರೆ ಆ ಜಾತಕಗಳು ಹಿಂದಿರುಗಿ ಬರುವುದು ಖಂಡಿತವಾಗಿತ್ತು. ಒಂದು ದಿನ ಅತ್ತೆ ನಮ್ಮ ತಂದೆಯವರ ಎದುರಿಗೆ ಬಂದು ನಿಂತು, “ಅಣ್ಣಯ್ಯ, ನನಗೆ ಒಳಗೆ ಏನೋ ಆಗಿದೆ, ಒಂದು ಸಲ ತೋರಿಸು” ಎಂದರು. ತಂದೆಯವರು ಪಂಚಾಂಗದಿಂದ ತಲೆ ಎತ್ತಿ, “ಆಗಲಿ, ಈ ಮದುವೆ ಒಂದು ಮುಗಿಯಲಿ” ಎಂದರು. ಮದುವೆ ಮುಗಿಯಿತು. ಸೆರಗಿನಲ್ಲಿ ರಕ್ತ ಕಂಡ ಮೇಲೆ ತೋರಿಸಿದ್ದಾಯಿತು. ಅಷ್ಟು ಹೊತ್ತಿಗೆ ತೋರಿಸಿ ಆಗಬೇಕಾದ್ದೇನೂ ಉಳಿದಿರಲಿಲ್ಲ.

ತಂದೆಯವರನ್ನು ನಾನು ದೂಷಿಸಲಾರೆ. ಅವರ ಬೆನ್ನ ಹಿಂದೆ ಎರಡು ಸಾವಿರ ವರ್ಷಗಳ ಭಯವಿತ್ತು. ಮನುಸ್ಮೃತಿಯ ಮೂರನೆಯ ಅಧ್ಯಾಯವು ಎಂತಹ ಸಂಪನ್ನವಾದ ಕುಲವಾದರೂ ಸರಿಯೆ, ಅದರಲ್ಲಿ ಕ್ಷಯವಿದ್ದಲ್ಲಿ ಅಲ್ಲಿಂದ ಹೆಣ್ಣು ತರಲಾಗದೆಂದು ವಿಧಿಸುತ್ತದೆ. ಹನ್ನೊಂದನೆಯ ಅಧ್ಯಾಯವು ಇನ್ನೂ ಮುಂದೆ ಹೋಗಿ, ಕ್ಷಯವು ಹಿಂದೆ ಮಾಡಿದ ಬ್ರಹ್ಮಹತ್ಯೆಯ ಗುರುತೆಂದು ಹೇಳಿಬಿಡುತ್ತದೆ. ಮಹಾಪಾತಕಗಳಲ್ಲೆಲ್ಲ ಮೊದಲನೆಯದಕ್ಕೆ ಈ ರೋಗವನ್ನೇ ಆರಿಸಿಕೊಂಡಿತೆಂದರೆ ಅದರ ಭೀತಿ ಎಷ್ಟಿತ್ತೆಂಬುದನ್ನು ಊಹಿಸಬಹುದು. ಎದೆಯೊಳಗಣ ಒಂದು ಗಾಯವನ್ನು ಪೂರ್ವಜನ್ಮದ ಕೊಲೆಗೆ ಸಾಕ್ಷಿಯೆಂದು ಓದುವ ಸಮಾಜದಲ್ಲಿ, ಆ ಗಾಯವಿದೆಯೆಂದು ತಾನಾಗಿ ಬಂದು ಹೇಳುವವನು ತಪ್ಪೊಪ್ಪಿಗೆಯನ್ನು ಬರೆದುಕೊಟ್ಟಂತಾಗುತ್ತದೆ. 1882ರ ಮಾರ್ಚ್ 24ರಂದು ರಾಬರ್ಟ್ ಕಾಕ್ ಬರ್ಲಿನ್ನಿನಲ್ಲಿ ಈ ರೋಗಕ್ಕೆ ಕಾರಣ ಒಂದು ದಂಡಾಣುವೆಂದು ಪ್ರಕಟಿಸಿದ ಮೇಲೆ ಬ್ರಹ್ಮಹತ್ಯೆಯ ಆರೋಪ ತಾನಾಗಿ ಬಿದ್ದುಹೋಗಬೇಕಾಗಿತ್ತು, ಬೀಳಲಿಲ್ಲ. ಕ್ರಿಮಿಯನ್ನು ಒಪ್ಪಿಕೊಂಡವರೂ, ಆ ಕ್ರಿಮಿ ಇವನ ಮನೆಗೇ ಏಕೆ ಬಂತು ಎಂಬ ಇನ್ನೊಂದು ಮೆಟ್ಟಿಲಿನ ಮೇಲೆ ಕರ್ಮವನ್ನು ಕೂರಿಸಿದರು.

ಆದರೆ ಅದೇ ಪರಂಪರೆಯಲ್ಲಿ ಇನ್ನೊಂದು ಧ್ವನಿಯುಂಟು. ಅದನ್ನು ನಾವು ಕೇಳಿಸಿಕೊಂಡದ್ದು ಕಡಿಮೆ. ಚರಕಸಂಹಿತೆಯ ವಿಮಾನಸ್ಥಾನದ ಮೂರನೆಯ ಅಧ್ಯಾಯಕ್ಕೆ ಜನಪದೋದ್ಧ್ವಂಸನೀಯವೆಂದು ಹೆಸರು: ಇಡೀ ನಾಡನ್ನು ಒಟ್ಟಿಗೆ ಹಾಳುಮಾಡುವ ರೋಗಗಳ ವಿಚಾರ. ಬೇಸಗೆಯ ಕೊನೆಯ ದಿನಗಳಲ್ಲಿ ಆತ್ರೇಯನು ಪಾಂಚಾಲದೇಶದ ಕಾಂಪಿಲ್ಯನಗರದ ಬಳಿ ಗಂಗೆಯ ದಡದಲ್ಲಿ ಶಿಷ್ಯರೊಡನೆ ನಡೆಯುತ್ತ, ನಕ್ಷತ್ರ ಗಾಳಿ ಋತುಗಳಲ್ಲಿ ವಿಕಾರ ಕಾಣುತ್ತಿದೆ, ಭೂಮಿಯು ರಸ ಕಳೆದುಕೊಳ್ಳುವ ಮೊದಲೇ ಮೂಲಿಕೆಗಳನ್ನು ಕೂಡಿಡಿರೆಂದು ಅಗ್ನಿವೇಶನಿಗೆ ಹೇಳುತ್ತಾನೆ. ಅಲ್ಲಿ ಇನ್ನೂ ರೋಗ ಬಂದಿಲ್ಲ, ರೋಗಿಯಿಲ್ಲ. ಮುಂದೆ ಬರಲಿರುವುದಕ್ಕೆ ಈಗಲೇ ಕೈಯಾಡಿಸುವ ಸಿದ್ಧತೆ ಮಾತ್ರ ಇದೆ. ಆಗ ಅಗ್ನಿವೇಶನು ಕೇಳುವ ಪ್ರಶ್ನೆ ಕರ್ಮವಾದಿಯ ಬುಡವನ್ನೇ ಅಲುಗಿಸತಕ್ಕದ್ದು: ಬೇರೆ ಬೇರೆ ಪ್ರಕೃತಿ, ಬೇರೆ ಬೇರೆ ಆಹಾರ, ಬೇರೆ ಬೇರೆ ವಯಸ್ಸಿನ ಜನ ಒಂದೇ ರೋಗದಿಂದ ಒಂದೇ ಕಾಲಕ್ಕೆ ಸಾಯುವುದು ಹೇಗೆ? ಒಬ್ಬೊಬ್ಬನ ಕರ್ಮ ಒಂದೊಂದು ಬಗೆಯದಾದ ಪಕ್ಷದಲ್ಲಿ ಇಡೀ ಊರಿನ ಫಲ ಒಂದೇ ದಿನ ಪಕ್ವವಾಗುವುದೆಂತು? ಆತ್ರೇಯನ ಉತ್ತರ ರೋಗಿಯ ಕಡೆಗೆ ಬೆರಳು ಮಾಡುವುದಿಲ್ಲ. ಎಲ್ಲರೂ ಹಂಚಿಕೊಳ್ಳುವ ಗಾಳಿ, ನೀರು, ನೆಲ, ಕಾಲಗಳ ಕಡೆಗೆ ತಿರುಗಿ, ಅವು ಕೆಡುವುದಕ್ಕೆ ಮೂಲ ಅಧರ್ಮವೆಂದು, ದೇಶಕ್ಕೂ ನಗರಕ್ಕೂ ಮುಖ್ಯರಾದವರು ನಡೆಸುವ ಅಧರ್ಮವು ಮೇಲಿನಿಂದ ಕೆಳಕ್ಕೆ ಇಳಿದು ಬರುತ್ತದೆಂದು ಹೇಳುತ್ತಾನೆ. ಕರ್ಮವೇನೋ ಇದೆ, ಕರ್ತೃ ಮಾತ್ರ ಬೇರೆ.

ಆಯುಸ್ಸು ಮೊದಲೇ ನಿಯತವಾಗಿದೆಯೆ ಎಂಬ ಮಾತೂ ಅಲ್ಲಿಯೇ ಬರುತ್ತದೆ. ನಿಯತವೇ ಆಗಿದ್ದಲ್ಲಿ ಔಷಧ, ಶಾಂತಿ, ಪಥ್ಯಗಳಲ್ಲಿ ಯಾವುದೊಂದೂ ಬೇಕಾಗುತ್ತಿರಲಿಲ್ಲವೆಂದು ಹೇಳಿ ಆತ್ರೇಯನು ಕೊಡುವ ದೃಷ್ಟಾಂತ ಬಂಡಿಯ ಅಚ್ಚಿನದು: ಒಳ್ಳೆಯ ಅಚ್ಚು ತನ್ನ ಕಾಲ ಮುಗಿದಾಗ ಸವೆಯುತ್ತದೆ, ಆದರೆ ಹೇರು ಹೆಚ್ಚಾದರೆ, ದಾರಿ ಕೆಟ್ಟದ್ದಾದರೆ, ಗಾಲಿ ಮುರಿದರೆ, ಎಣ್ಣೆ ಹಾಕದಿದ್ದರೆ ನಡುದಾರಿಯಲ್ಲಿಯೇ ಮುರಿಯುತ್ತದೆ. ಗಾಡಿ ಹೊಡೆದವನಿಗೆ ಈ ಮಾತು ವಿವರಿಸಬೇಕಾಗಿಲ್ಲ. ಅಚ್ಚು ಮುರಿಯುವ ಮುಂಚೆ ಕಿರುಗುಟ್ಟುತ್ತದೆ. ವೈದ್ಯರು ಪೂರ್ವರೂಪವೆಂದು ಕರೆದದ್ದು ಆ ಕಿರುಗುಟ್ಟನ್ನೇ. ರಾಜಯಕ್ಷ್ಮದ ಪೂರ್ವರೂಪಗಳಲ್ಲಿ ಬಿಡದ ನೆಗಡಿ, ಉಂಡರೂ ಬಲ ಮಾಂಸ ಕುಗ್ಗುವುದು ಇವುಗಳ ಜೊತೆಗೆ, ದೋಷವಿಲ್ಲದಲ್ಲಿ ದೋಷ ಕಾಣುವುದು, ಊಟದಲ್ಲಿ ನೊಣ ಕೂದಲು ಹುಲ್ಲುಕಡ್ಡಿಗಳು ಬಿದ್ದಂತಾಗುವುದು, ನೀರಿಲ್ಲದೆ ಒಣಗಿದ ತಾಣಗಳು ಕನಸಿನಲ್ಲಿ ಬರುವುದು ಎಂದು ಚರಕನು ಪಟ್ಟಿ ಮಾಡಿದಾಗ, ಅನ್ನದ ಮೇಲೆ ಅಸಹ್ಯ ಹುಟ್ಟಿ ಸಣ್ಣದಕ್ಕೆಲ್ಲ ಸಿಡುಕುತ್ತಿದ್ದ ನಮ್ಮ ಅತ್ತೆ ನನಗೆ ನೆನಪಾಗುತ್ತಾರೆ. ಅವರ ಸ್ವಭಾವ ಕೆಟ್ಟಿತೆಂದು ಮನೆಯವರೆಲ್ಲ ಅಂದುಕೊಂಡೆವು.

ಇಲ್ಲಿಯವರೆಗಿನ ವಿಚಾರವನ್ನು ಒಪ್ಪಿದವರು ಕೂಡ ಸಾಮಾನ್ಯವಾಗಿ ಒಂದು ತಪ್ಪು ತೀರ್ಮಾನಕ್ಕೆ ಬರುತ್ತಾರೆ. ನಾನೂ ಹಲವು ವರ್ಷ ಅದೇ ಅಭಿಪ್ರಾಯದಲ್ಲಿದ್ದೆ. ಜನ ಮೂಢರು, ಕೆಮ್ಮನ್ನು ಗಣಿಸರು, ದೆವ್ವ ದಿಂಡರೆಂದು ಕಾಲ ಕಳೆಯುವರು, ಆದಕಾರಣ ರೋಗ ಪತ್ತೆಯಾಗುವುದು ತಡವಾಗುತ್ತದೆ, ಜನರಿಗೆ ತಿಳಿವಳಿಕೆ ಕೊಟ್ಟರೆ ಎಲ್ಲವೂ ಸರಿಹೋದೀತು ಎಂಬುದೇ ಆ ಅಭಿಪ್ರಾಯ. ಇದನ್ನು ಅಲ್ಲಗಳೆದದ್ದು ನಮ್ಮ ತುಮಕೂರು ಜಿಲ್ಲೆಯ ಹಳ್ಳಿಗಾಡು. 1959ರಲ್ಲಿ ಬೆಂಗಳೂರಿನಲ್ಲಿ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ ಹುಟ್ಟಿದ ಮೇಲೆ ಅದರ ಕಾರ್ಯಕರ್ತರು ಆ ಜಿಲ್ಲೆಯಲ್ಲಿ ಮನೆಮನೆಗೆ ಹೋಗಿ ರೋಗವೆಷ್ಟಿದೆಯೆಂದು ಸಮೀಕ್ಷೆ ನಡೆಸಿದರು. ಅದರ ಬೆನ್ನಿಗೇ ಸಮಾಜಶಾಸ್ತ್ರವನ್ನೂ ಬಲ್ಲ ವೈದ್ಯ ದೇವಬರ್ ಬ್ಯಾನರ್ಜಿಯವರೂ ಸ್ಟಿಗ್ ಆಂಡರ್ಸನ್ ಅವರೂ ಹೂಡಿದ ಇನ್ನೊಂದು ಅಧ್ಯಯನದಲ್ಲಿ, ಸಮೀಕ್ಷೆಯಲ್ಲಿ ರೋಗಿಗಳೆಂದು ಕಂಡುಬಂದವರನ್ನು ಸಂದರ್ಶಕರು ಕಂಡು, ನಿಮಗೆ ಏನಾಗಿದೆಯೆಂದು ಗೊತ್ತಿತ್ತೆ, ಗೊತ್ತಿದ್ದರೆ ಏನು ಮಾಡಿದಿರಿ ಎಂದು ವಿಚಾರಿಸಿದರು. 1963ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಪತ್ರಿಕೆಯಲ್ಲಿ ಪ್ರಕಟವಾದ ಆ ಅಧ್ಯಯನದ ಫಲ ಎಲ್ಲರನ್ನೂ ಬೆರಗುಗೊಳಿಸಿತು. ಕಫದಲ್ಲಿ ರೋಗಾಣು ಕಂಡವರ ಪೈಕಿ ಬಹುತೇಕ ಎಲ್ಲರಿಗೂ ತಮ್ಮ ಲಕ್ಷಣಗಳ ಅರಿವಿತ್ತು. ಬಹುಪಾಲು ಜನ ಅದಕ್ಕಾಗಿ ಚಿಂತೆಪಟ್ಟಿದ್ದರು. ಅರ್ಧಕ್ಕಿಂತ ತುಸು ಹೆಚ್ಚು ಮಂದಿ ಚಿಕಿತ್ಸೆಗೆಂದು ಎದ್ದು ಹೊರಟಿದ್ದರು. ಹೊರಟವರು ಹೋದದ್ದು ಬಹುಮಟ್ಟಿಗೆ ಮಂತ್ರವಾದಿಯಲ್ಲಿಗಲ್ಲ, ಇಂಗ್ಲಿಷ್ ಔಷಧ ಕೊಡುವ ಆಸ್ಪತ್ರೆಗಳಿಗೆ. ಅಲ್ಲಿ ಅವರ ಕಫವನ್ನು ಯಾರೂ ಪರೀಕ್ಷಿಸಲಿಲ್ಲ. ಕೆಮ್ಮಿಗೆ ಒಂದು ಸೀಸೆ ಔಷಧ ಕೊಟ್ಟು ಹಿಂದಕ್ಕೆ ಕಳುಹಿಸಿದರು.

ಈ ಸಂಗತಿಯನ್ನು ಓದಿದ ದಿನ ಋಗ್ವೇದದ ಆ ಶಬ್ದ ನನಗೆ ಬೇರೆಯಾಗಿ ಕೇಳಿಸಿತು. ಅಜ್ಞಾತ, ಸರಿಯೆ, ಆದರೆ ಯಾರಿಗೆ ಅಜ್ಞಾತ? ರವಿಕೆಯ ಹೊಲಿಗೆಯನ್ನು ತಿಂಗಳು ತಿಂಗಳೂ ಒಳಕ್ಕೆ ಹಿಡಿಯುತ್ತಿದ್ದವಳಿಗೆ ಗೊತ್ತಿತ್ತು. ಮೈಯೊಡೆಯನು ತನ್ನ ಮೈಯಲ್ಲಿ ಕಳ್ಳ ಹೊಕ್ಕಿದ್ದಾನೆಂದು ಕೂಗಿ ಹೇಳಿದಾಗ್ಯೂ ಕಾವಲುಗಾರನು ಕಿವಿಗೊಡದಿದ್ದರೆ ಅಜ್ಞಾನವು ಕಾವಲುಗಾರನದು. ಅವಿದ್ಯೆಯೆಂದರೆ ವಸ್ತುವು ಕಣ್ಣಮುಂದೆ ಇದ್ದೂ ಇಲ್ಲವೆನ್ನುವುದೆಂದು ಹೇಳುತ್ತ ಬಂದ ವೇದಾಂತದ ನಾಡಿನಲ್ಲಿ, ಆ ಸೀಸೆಗಿಂತ ಒಳ್ಳೆಯ ಉದಾಹರಣೆ ನನಗೆ ಸಿಕ್ಕಿಲ್ಲ. ಜನರೇ ನಡೆದು ಬರುವ ಸಾಧಾರಣ ಆಸ್ಪತ್ರೆಯಲ್ಲಿಯೇ ರೋಗವನ್ನು ಗುರುತಿಸಬೇಕೆಂಬ ತತ್ತ್ವದ ಮೇಲೆ 1962ರ ರಾಷ್ಟ್ರೀಯ ಕ್ಷಯ ನಿಯಂತ್ರಣ ಕಾರ್ಯಕ್ರಮವು ನಿಂತದ್ದು ಬಹುಮಟ್ಟಿಗೆ ಈ ಹಳ್ಳಿಗರ ಮಾತಿನಿಂದಲೇ. ಕನ್ನಡನಾಡಿನ ಬಡವರು ಲೋಕದ ವೈದ್ಯಶಾಸ್ತ್ರಕ್ಕೆ ಕೊಟ್ಟ ಪಾಠವೆಂದು ನಾವು ಇದನ್ನು ಶಾಲೆಯಲ್ಲಿ ಕಲಿಸುವುದಿಲ್ಲವೆಂಬುದು ನನ್ನದೊಂದು ಸಣ್ಣ ಕೊರಗು.

ಇನ್ನೊಂದು ಬಗೆಯ ಅಜ್ಞಾತವೂ ಉಂಟೆಂಬುದನ್ನು ಇಲ್ಲಿ ಒಪ್ಪಬೇಕು. ಅದು ನನ್ನ ವಾದವನ್ನು ಕಠಿನಗೊಳಿಸುತ್ತದೆ. 2019ರಿಂದ 2021ರವರೆಗೆ ನಮ್ಮ ದೇಶದಲ್ಲಿ ನಡೆದ ರಾಷ್ಟ್ರೀಯ ಸಮೀಕ್ಷೆಯಲ್ಲಿ ಕಂಡುಬಂದ ರೋಗಿಗಳಲ್ಲಿ ನೂರಕ್ಕೆ ಸುಮಾರು 43 ಮಂದಿಯನ್ನು ಎದೆಯ ಎಕ್ಸರೇ ಒಂದೇ ಹಿಡಿದುಕೊಟ್ಟಿತು; ಬರೀ ಲಕ್ಷಣ ಕೇಳಿಕೊಂಡು ಹೋಗಿದ್ದರೆ ಅವರು ತಪ್ಪಿಹೋಗುತ್ತಿದ್ದರು. ಲಕ್ಷಣವಿದ್ದವರಲ್ಲಿಯೂ ನೂರಕ್ಕೆ 64 ಮಂದಿ ಎಲ್ಲಿಗೂ ತೋರಿಸಿರಲಿಲ್ಲ. ಆದುದರಿಂದ ಆಸ್ಪತ್ರೆಯ ಬಾಗಿಲು ತೆರೆದು ಕಾದಿರುವುದು ಸಾಲದು, ಬಾಗಿಲು ತಟ್ಟಿಕೊಂಡು ಹೋಗಬೇಕೆಂದು ಈಗ ಹೇಳುತ್ತಾರೆ. ಸೋಂಕಿನ ವಿಷಯಕ್ಕೆ ಬಂದರಂತೂ ಲೋಕದ ಜನರಲ್ಲಿ ಕಾಲುಭಾಗದಷ್ಟು ಮಂದಿಯ ಮೈಯಲ್ಲಿ ಈ ದಂಡಾಣು ನಿದ್ರಿಸುತ್ತಿದೆಯೆಂದು ಅಂದಾಜು. ಅವರಲ್ಲಿ ನೂರಕ್ಕೆ ಐದರಿಂದ ಹತ್ತು ಮಂದಿಗೆ ಮಾತ್ರ ಜೀವಮಾನದಲ್ಲಿ ಎಂದಾದರೂ ಅದು ರೋಗವಾಗಿ ಏಳುತ್ತದೆ. ವೇದಾಂತಿಗಳು ಸಂಚಿತವೆಂದೂ ಪ್ರಾರಬ್ಧವೆಂದೂ ಮಾಡಿದ ವಿಭಾಗ ಇಲ್ಲಿ ತಾನಾಗಿ ನೆನಪಿಗೆ ಬರುತ್ತದೆ: ಕಣಜದಲ್ಲಿರುವ ಬೀಜ ಸಂಚಿತ, ಮೊಳೆತದ್ದು ಪ್ರಾರಬ್ಧ, ಜ್ಞಾನವು ಸಂಚಿತವನ್ನು ಸುಟ್ಟೀತು, ಬಿಲ್ಲಿನಿಂದ ಬಿಟ್ಟ ಬಾಣದಂತಿರುವ ಪ್ರಾರಬ್ಧವನ್ನು ಮಾತ್ರ ಅನುಭವಿಸಿಯೇ ತೀರಬೇಕು. ಉಪಮೆಯನ್ನು ಹೆಚ್ಚು ಎಳೆದರೆ ಹರಿಯುತ್ತದೆ. ಏಕೆಂದರೆ ಇಲ್ಲಿ ಬಿಟ್ಟ ಬಾಣವನ್ನೂ ಆರು ತಿಂಗಳ ಮಾತ್ರೆಗಳು ದಾರಿಯಲ್ಲಿಯೇ ತಡೆದು ಬೀಳಿಸುತ್ತವೆ. ಅದಲ್ಲದೆ ಪ್ರಾರಬ್ಧವನ್ನು ಅನುಭವಿಸುವವನು ಒಬ್ಬನೆ. ಚಿಕಿತ್ಸೆಯಿಲ್ಲದ ಕ್ಷಯರೋಗಿಯಾದರೋ ವರ್ಷಕ್ಕೆ ಹತ್ತು ಹದಿನೈದು ಮಂದಿಗೆ ಸೋಂಕು ಹಂಚಬಲ್ಲನೆಂದು ಲೆಕ್ಕ ಹಾಕಿದ್ದಾರೆ. ಬಾರದಿರುವ ದುಃಖವನ್ನು ಮಾತ್ರವೇ ಕಳೆಯಲು ಸಾಧ್ಯವೆಂದು ಎಣಿಸಿದ ಯೋಗಸೂತ್ರಕಾರನು ತನ್ನ ದುಃಖವನ್ನು ಕುರಿತು ಯೋಚಿಸಿದ್ದಿರಬೇಕು. ಅದು ನೆರೆಮನೆಯ ಕೂಸಿನ ದುಃಖವೂ ಆಗುವುದಾದರೆ, ತಿಳಿಯದಿರುವ ಹಕ್ಕು ನನಗುಂಟೆಂದು ಹೇಳುವುದು ಸುಲಭವಲ್ಲ.

ಹಾಗೆಂದು ಬಾಗಿಲು ತಟ್ಟಿದವನಿಗೆ ಪೂರಾ ಪುಣ್ಯ ಸಂದಿತೆಂದೂ ಅಲ್ಲ. ನಮ್ಮ ಧರ್ಮವಿಚಾರದಲ್ಲಿ ಋಣವೆಂಬ ಕಲ್ಪನೆ ಬಹಳ ಆಳವಾದದ್ದು. ದೇವಋಣ, ಋಷಿಋಣ, ಪಿತೃಋಣಗಳನ್ನು ಎಣಿಸಿದ ಹಿರಿಯರು, ಒಬ್ಬನ ಮೈಯ ಗುಟ್ಟನ್ನು ಅವನಿಗಿಂತ ಮೊದಲು ತಿಳಿದುಕೊಂಡವನ ಋಣವನ್ನು ಎಣಿಸಲಿಲ್ಲ, ಏಕೆಂದರೆ ಅಂಥ ಯಂತ್ರಗಳು ಅವರಲ್ಲಿರಲಿಲ್ಲ. ಇಂದು ಗೋವೆಯಲ್ಲಿ ತಯಾರಾಗುವ ಟ್ರೂನ್ಯಾಟ್ ಎಂಬ ಪುಟ್ಟ ಯಂತ್ರವು ತಾಲ್ಲೂಕಿನ ಆಸ್ಪತ್ರೆಯಲ್ಲಿ ಕುಳಿತು ಅರ್ಧ ದಿನದೊಳಗೆ ರೋಗವನ್ನೂ, ಅದು ರಿಫಾಂಪಿಸಿನ್ ಔಷಧಕ್ಕೆ ಬಗ್ಗುವುದೋ ಇಲ್ಲವೋ ಎಂಬುದನ್ನೂ ಹೇಳಿಬಿಡುತ್ತದೆ. ಹೇಳಿದ ಕ್ಷಣದಿಂದ ಸರ್ಕಾರವು ಸಾಲಗಾರನಾಯಿತು. ಮಾತ್ರೆ ತಪ್ಪದೆ ಬರಬೇಕು, ಹೆಸರು ಬೀದಿಗೆ ಬೀಳಬಾರದು, ಹೊಟ್ಟೆಗೆ ಇರಬೇಕು. ಕೊನೆಯದು ಗೌಣವೆಂದು ತಿಳಿಯಬಾರದು. ಯಕ್ಷ್ಮಕ್ಕೆ ಚರಕನು ಹೇಳಿದ ನಾಲ್ಕು ಕಾರಣಗಳಲ್ಲಿ ಶಕ್ತಿ ಮೀರಿದ ದುಡಿಮೆ ಒಂದು, ಕ್ರಮಗೆಟ್ಟ ಊಟ ಇನ್ನೊಂದು. ಜಾರ್ಖಂಡಿನಲ್ಲಿ ನಡೆದು 2023ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ ರೋಗಿಯ ಮನೆಯವರಿಗೆಲ್ಲ ದವಸ ಬೇಳೆಗಳನ್ನು ಕೊಟ್ಟಾಗ ಆ ಮನೆಗಳಲ್ಲಿ ಹೊಸದಾಗಿ ರೋಗ ಹುಟ್ಟುವುದು ಹೆಚ್ಚು ಕಡಿಮೆ ಅರ್ಧಕ್ಕೆ ಇಳಿಯಿತು. 2018ರಿಂದ ಪೋಷಣೆಗೆಂದು ತಿಂಗಳಿಗೆ 500 ರೂಪಾಯಿ ಕೊಡುತ್ತಿದ್ದುದನ್ನು 2024ರಲ್ಲಿ 1000ಕ್ಕೆ ಏರಿಸಿದ್ದಾರೆ. ಅದನ್ನು ದಾನವೆಂದು ಕರೆಯುವವರ ಮೇಲೆ ನನಗೆ ಸಿಟ್ಟು ಬರುತ್ತದೆ. ಸಾಲ ತೀರಿಸುವವನು ದಾನಿಯೆನ್ನಿಸಿಕೊಳ್ಳುವುದುಂಟೆ?

ಕಳೆದ ಬೇಸಗೆಯಲ್ಲಿ ಪರಿಚಿತರಾದ ಆಶಾ ಕಾರ್ಯಕರ್ತೆಯೊಬ್ಬರ ಸಂಗಡ ಒಂದು ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಿದ್ದೆ. ಅರವತ್ತು ದಾಟಿದ ಕೂಲಿಯವನೊಬ್ಬ, ಎರಡು ತಿಂಗಳಿನಿಂದ ಕೆಮ್ಮು, ಹೆಗಲ ಮೂಳೆ ಅಂಗಿಯನ್ನು ಗೂಟದಂತೆ ಎತ್ತಿ ಹಿಡಿದಿತ್ತು. ಕೈಯಲ್ಲಿ ಕೊಟ್ಟ ಪ್ಲಾಸ್ಟಿಕ್ ಡಬ್ಬಿಯನ್ನು ಅವನು ಪ್ರಸಾದದ ದೊನ್ನೆಯನ್ನು ಹಿಡಿಯುವಂತೆ ಎರಡು ಕೈಯಲ್ಲೂ ಹಿಡಿದು ಮರದ ಕೆಳಗೆ ಹೋಗಿ ಬಂದ. ಆಕೆ ಬೆಳಕಿಗೆ ಹಿಡಿದು ನೋಡಿ, “ಇದು ಬರೀ ಉಗುಳು ತಾತ, ಬಾಯಿ ಮುಕ್ಕಳಿಸಿ, ಉಸಿರು ಜೋರಾಗಿ ಎಳ್ಕೊಂಡು, ಎದೆಯಿಂದ ಕೆಮ್ಮಿ ತೆಗೀಬೇಕು. ನಾಳೆ ಬೆಳಿಗ್ಗೆ ಎದ್ದ ತಕ್ಷಣದ್ದೂ ಇನ್ನೊಂದು ಡಬ್ಬೀಲಿ ತನ್ನಿ” ಎಂದಳು. ಮೂರನೆಯ ಸಲಕ್ಕೆ ಹಳದಿ ಕಫ ಬಂತು. ಗಾಜಿನ ತುಂಡಿನ ಮೇಲೆ ಅದನ್ನು ಸವರಿ, ಬಣ್ಣ ಹಾಕಿ, ಕಾಯಿಸಿ, ತೊಳೆದು, ಲ್ಯಾಬಿನ ಹುಡುಗ ಸೂಕ್ಷ್ಮದರ್ಶಕದಲ್ಲಿ ಇಟ್ಟ. ರೋಗಾಣು ಕಾಣದಿದ್ದರೆ ಕನಿಷ್ಠ ನೂರು ಕ್ಷೇತ್ರಗಳನ್ನಾದರೂ ನೋಡದೆ ಇಲ್ಲವೆಂದು ಬರೆಯುವಂತಿಲ್ಲ. ಇಲ್ಲಿ ಅಷ್ಟು ನೋಡಬೇಕಾಗಲಿಲ್ಲ. ನನಗೂ ತೋರಿಸಿದ: ನೀಲಿಯ ಬಯಲಿನಲ್ಲಿ ಸಣ್ಣ ಕೆಂಪು ಕಡ್ಡಿಗಳು, ಯಾರೋ ಕುಂಕುಮ ಹತ್ತಿದ ಸೂಜಿಗಳನ್ನು ಚೆಲ್ಲಿದಂತೆ. ನೋಡಲು ಚೆನ್ನಾಗಿದ್ದುವೆಂದು ಹೇಳಲು ನಾಚಿಕೆಯಾಗುತ್ತದೆ.

ಟಿಬಿ ಎಂದು ಹೇಳಿದಾಗ ಮುದುಕ ಅಳಲಿಲ್ಲ, ಹಣೆ ಚಚ್ಚಿಕೊಳ್ಳಲಿಲ್ಲ. ನಾನು ಯಾವ ಪಾಪ ಮಾಡಿದ್ದೆನೆಂದೂ ಕೇಳಲಿಲ್ಲ. “ಎಷ್ಟು ದಿವಸದಿಂದ ಐತಂತೆ?” ಎಂದ. ಹುಡುಗ, ಅದನ್ನು ಯಂತ್ರ ಹೇಳುವುದಿಲ್ಲವೆಂದ. “ಯುಗಾದಿಗೆ ಮುಂಚೆ ಪೇಟೆ ಡಾಕ್ಟ್ರ ತಾವ ಹೋಗಿದ್ದೆ. ಎರಡು ಸಲ. ಒಂದೊಂದು ಸೀಸೆ ಕೊಟ್ರು, ಸೀ ಇತ್ತು” ಎಂದು ಮುದುಕ ಯಾರನ್ನೂ ದೂರದೆ, ಮಳೆಯ ಲೆಕ್ಕ ಹೇಳುವವನಂತೆ ಹೇಳಿದ. ಹುಡುಗ ತಲೆ ಎತ್ತದೆ ಮೊಬೈಲಿನಲ್ಲಿ ನಂಬರು ತುಂಬುತ್ತಿದ್ದ. ಆಶಾ ಕಾರ್ಯಕರ್ತೆ ಪುಸ್ತಕದ ಇನ್ನೊಂದು ಹಾಳೆ ತೆರೆದು, “ಮನೇಲಿ ಎಷ್ಟು ಜನ ತಾತ, ಎಲ್ಲರನ್ನೂ ನೋಡಬೇಕು” ಎಂದಳು. ಮುದುಕ ಬೆರಳು ಮಡಿಚಿದ: ಹೆಂಡತಿ, ಮಗ, ಸೊಸೆ, ದೊಡ್ಡ ಮೊಮ್ಮಗ. ಕಿರುಬೆರಳಿನ ಹತ್ತಿರ ಬಂದು ನಿಂತು, ಅದನ್ನು ಮಡಿಚದೆ ಸ್ವಲ್ಪ ಹೊತ್ತು ನೋಡಿ, “ಇನ್ನೊಂದು ಕೂಸು ಐತೆ, ಮೂರು ವರ್ಷದ್ದು,” ಎಂದ. “ನನ್ನ ಮಗ್ಗುಲಾಗೇ ಮಲಗೋದು.”